ಗುಂಡಮ್ಮನ ಡಬ್ಬಿ, ಕೋಳಿಯಮ್ಮನ ಕೈ

ಮಕ್ಕಳನ್ನು ಮರಿಗಳಂತೆ ರೆಕ್ಕೆಯಡಿ ಇಟ್ಟುಕೊಳ್ಳುವ ನಮ್ಮ ದೊಡ್ಡ ಟೀಚರಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ಕೋಳಿಯಮ್ಮ. ಇಪ್ಪತ್ತಾರು ವರ್ಷದಿಂದ ವಿಶೇಷ ಮಕ್ಕಳಿಗೆ ಕಲಿಸುತ್ತಿದ್ದಾರೆ. ತರಗತಿಯ ಆರು ಮಕ್ಕಳಲ್ಲಿ ಯಾರ ಮೂಗು ಸೋರಿದರೂ ಮೊದಲು ಚಾಚುವುದು ಅವರ ಕರವಸ್ತ್ರವೇ. ನಾನು ಅವರ ಸಹಾಯಕಿ. ಹನ್ನೊಂದು ವರ್ಷದಿಂದ ಬೈಸಿಕೊಳ್ಳುತ್ತಿದ್ದೇನೆ. “ಹೀಗೆ ಕೈಕಟ್ಟಿ ಕೂತ್ರೆ ಮಕ್ಕಳು ಕಲಿಯೋದು ಹೇಗಮ್ಮ?” ಎನ್ನುವುದು ಅವರ ನಿತ್ಯದ ಮಂತ್ರ.

ಕಳೆದ ವರ್ಷ ತರಗತಿಗೊಂದು ಟ್ಯಾಬ್ ಬಂತು. ಪ್ರತಿ ಮಗುವಿನ ಗುರಿಯನ್ನು ಅದರಲ್ಲಿ ಬರೆದು ದಿನವೂ ಒಂದು ಚುಕ್ಕಿ ಒತ್ತಬೇಕು. ಮಗು ತಾನೇ ಮಾಡಿದರೆ ಹಸಿರು, ಬಾಯಲ್ಲಿ ಹೇಳಿ ಮಾಡಿಸಿದರೆ ಹಳದಿ, ನಾವು ಕೈ ಹಾಕಿದರೆ ಕೆಂಪು. ಸಂಜೆಯ ಹೊತ್ತಿಗೆ ಆ ಚುಕ್ಕಿ ಹೆತ್ತವರ ಫೋನಿಗೂ ಹೋಗುತ್ತದೆ. ಕೋಳಿಯಮ್ಮ ಮೊದಮೊದಲು ಟ್ಯಾಬನ್ನು ಒಲೆಯಿಂದ ಇಳಿಸಿದ ಪಾತ್ರೆಯಂತೆ ಹಿಡಿಯುತ್ತಿದ್ದರು. ಆದರೆ ಒತ್ತುವುದರಲ್ಲಿ ಕೂದಲೆಳೆಯಷ್ಟೂ ಸುಳ್ಳಿಲ್ಲ. ಬೆರಳು ತಗುಲಿದರೂ ಸಾಕು, ಕೆಂಪು.

ಗುಂಡಮ್ಮನಿಗೆ ಎಂಟು ವರ್ಷ. ಕೆನ್ನೆ ಗುಂಡಗಿರುವುದಕ್ಕೆ ಮನೆಯವರು ಇಟ್ಟ ಹೆಸರು ಅದು. ಮಾತು ಕಡಿಮೆ, ಬೆರಳುಗಳಲ್ಲಿ ಬಲವೂ ಕಡಿಮೆ. ಓದಿನಲ್ಲಿ ಮಾತ್ರ ಚುರುಕು. ಅವಳನ್ನು ಪಕ್ಕದ ಕೋಣೆಯ ಮಾಮೂಲಿ ತರಗತಿಗೆ ಕಳಿಸುವ ಮಾತು ನಡೆದಿತ್ತು. ಅಲ್ಲಿ ಮೂವತ್ತೆರಡು ಮಕ್ಕಳಿಗೆ ಒಬ್ಬರೇ ಟೀಚರ್; ಊಟದ ಡಬ್ಬಿ ತೆರೆದುಕೊಡುವವರು ಯಾರೂ ಇಲ್ಲ. ಹಾಗಾಗಿ ಹೆಡ್‌ಮಿಸ್ ಒಂದು ಷರತ್ತು ಹಾಕಿದ್ದರು: ಡಬ್ಬಿಯ ಮುಚ್ಚಳಕ್ಕೆ ಸತತ ಹತ್ತು ಹಸಿರು ಬಿದ್ದರೆ ಅಲ್ಲಿಗೆ, ಇಲ್ಲದಿದ್ದರೆ ಇನ್ನೊಂದು ವರ್ಷ ಇಲ್ಲೇ.

ಹನ್ನೊಂದು ವಾರ ಕಳೆದರೂ ಒಂದು ಹಸಿರೂ ಬೀಳಲಿಲ್ಲ. ಗುಂಡಮ್ಮ ಮುಚ್ಚಳದ ಮೇಲೆ ಕೈಯಿಟ್ಟು ಟೀಚರ್ ಮುಖ ನೋಡುವಳು. ಟೀಚರ್ ಮನಸ್ಸು ಗಟ್ಟಿ ಮಾಡಿಕೊಂಡು ಹತ್ತರವರೆಗೆ ಎಣಿಸಲು ಹೊರಡುವರು. ಆರಕ್ಕೆ ಬರುವಷ್ಟರಲ್ಲಿ “ಅಯ್ಯೋ, ಹಸಿದ ಮಗು ಕಣಮ್ಮ” ಎಂದು ಕೈ ಮುಂದೆ ಹೋಗಿರುತ್ತಿತ್ತು.

ಅವಳ ಅಮ್ಮ ಬಸ್ಸಿನಲ್ಲಿ ಕಂಡಕ್ಟರ್. ಒಂದು ಸಂಜೆ ಸಮವಸ್ತ್ರದಲ್ಲೇ ಬಂದು ಬಾಗಿಲಲ್ಲಿ ನಿಂತಳು. “ಫೋನ್ ತೆಗೆಯೋಕೆ ಭಯ ಆಗುತ್ತೆ ಟೀಚರ್. ಇವಳ ಕೈಲಿ ಆಗಲ್ಲ ಅಂತ ಹೇಳ್ಬಿಡಿ, ಸುಮ್ನಾಗ್ತೀನಿ.” ಕೋಳಿಯಮ್ಮ ಟ್ಯಾಬನ್ನು ಮಗುಚಿ ಮೇಜಿನ ಮೇಲಿಟ್ಟರು. ನಾನು ಟ್ಯಾಬಿನ ಮೇಲೆ ಗೂಬೆ ಕೂರಿಸಿ ಏನೋ ಸಮಾಧಾನ ಹೇಳಿ ಕಳಿಸಿದೆ.

ಮರುದಿನ ಟೀಚರಿಗೆ ಜ್ವರ, ಮೂರು ದಿನ ರಜೆ. ಮೊದಲ ದಿನ ಊಟದ ಹೊತ್ತಿಗೆ ಯಾರೋ ನೀರಿನ ಜಗ್ ಉರುಳಿಸಿದರು. ನಾನು ನೆಲ ಒರೆಸಿ ತಿರುಗುವಷ್ಟರಲ್ಲಿ ಗುಂಡಮ್ಮ ಅರ್ಧ ಡಬ್ಬಿ ಖಾಲಿ ಮಾಡಿದ್ದಳು. ಮುಚ್ಚಳ ಪಕ್ಕದಲ್ಲಿ ಮಲಗಿತ್ತು. ಮುಂದಿನ ಎರಡು ದಿನ ನಾನು ಬೇಕೆಂದೇ ಬೆನ್ನು ತಿರುಗಿಸಿ, ಏನೂ ಬರೆಯದ ಬೋರ್ಡನ್ನು ಒರೆಸುತ್ತ ನಿಂತೆ. ನಾಲ್ಕು ನಿಮಿಷ ಹಿಡಿಯಿತು, ಆದರೆ ತೆರೆದಳು. ಮೂರು ಹಸಿರು ಒತ್ತಿದೆ.

ಟೀಚರ್ ಬಂದವರೇ ಟ್ಯಾಬ್ ನೋಡಿ ನನ್ನ ಮುಖ ನೋಡಿದರು. “ಪಾಪ ಅಂತ ತೆರೆದುಕೊಟ್ಟು ಹಸಿರು ಒತ್ತಿದ್ರಾ?”

ಬೈಗುಳ ಎಷ್ಟೋ ನುಂಗಿದ್ದೆ, ಸುಳ್ಳುಗಾರ್ತಿ ಎನಿಸಿಕೊಂಡಿರಲಿಲ್ಲ. ಪಿತ್ತ ನೆತ್ತಿಗೇರಿತು. “ಇವತ್ತು ಊಟದ ಹೊತ್ತಿಗೆ ನೀವು ಒಳಗೆ ಬರಬೇಡಿ. ಬಾಗಿಲ ಮರೆಯಲ್ಲಿ ನಿಂತು ನೋಡಿ” ಎಂದೆ.

ನಿಂತರು. ಗುಂಡಮ್ಮ ಸುತ್ತ ಕಣ್ಣಾಡಿಸಿದಳು, ಟೀಚರ್ ಕಾಣಲಿಲ್ಲ. ಮುಚ್ಚಳ ಎಳೆದಳು, ಜಾರಿತು. ಟೀಚರ್ ಒಂದು ಹೆಜ್ಜೆ ಮುಂದಿಟ್ಟರು. ಪಕ್ಕದಲ್ಲೇ ನಿಂತಿದ್ದ ನಾನು ಅವರ ಮಣಿಕಟ್ಟು ಗಟ್ಟಿಯಾಗಿ ಹಿಡಿದೆ. ಹುಡುಗಿ ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ಎರಡೂ ಹೆಬ್ಬೆರಳಿನಿಂದ ಮೀಟಿದಳು. ತೆರೆದುಕೊಂಡಿತು.

ಕೋಳಿಯಮ್ಮ ಗೋಡೆಗೆ ಒರಗಿ ಅತ್ತುಬಿಟ್ಟರು. “ನಾನೇ ಅಡ್ಡ ಇದ್ದೆನಲ್ಲಮ್ಮ. ನಿಮ್ಮನ್ನೂ ಅನುಮಾನಿಸಿದೆ, ತಪ್ಪಾಯ್ತು.” ಹನ್ನೊಂದು ವರ್ಷದ ಸಿಟ್ಟು ನನಗೆ ಅಲ್ಲೇ ಕರಗಿಹೋಯಿತು. ಅತಿಯಾದರೆ ಅಮೃತವೂ ವಿಷ ಅಂತಾರೆ. ಅವರ ಕೈಯಲ್ಲಿದ್ದದ್ದು ಅಮೃತವೇ, ಅದರಲ್ಲಿ ನನಗೆ ಅನುಮಾನವಿಲ್ಲ.

ಹಳೆಯ ಚುಕ್ಕಿಗಳನ್ನು ಟ್ಯಾಬ್ ಅಳಿಸಗೊಡುವುದಿಲ್ಲ. ಟೀಚರ್ ಒಂದೊಂದನ್ನೂ ಎಣಿಸಿ, ಹುಡುಗಿಯ ಅಮ್ಮನಿಗೆ ಕಾಣುವ ಜಾಗದಲ್ಲಿ ಒಂದೇ ಬೆರಳಿನಿಂದ ಬರೆದರು: “ಈ ಐವತ್ತಮೂರು ಕೆಂಪು ಮಗುವಿನದಲ್ಲ, ನನ್ನದು.” ಸಂಜೆ ಉತ್ತರ ಬಂತು: “ಮನೇಲಿ ನಾನೂ ಅದನ್ನೇ ಮಾಡ್ತಿದ್ದೆ ಟೀಚರ್.”

ಮರುದಿನದಿಂದ ಟೀಚರ್ ಊಟದ ಹೊತ್ತಿಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂರತೊಡಗಿದರು. “ಹೀಗೆ ಕೈಕಟ್ಟಿ ಕೂತ್ರೆ ಹೇಗಮ್ಮ?” ಎಂದು ನಾನು ಕಾಲೆಳೆದೆ. ಹತ್ತನೆಯ ಹಸಿರು ಬಿದ್ದ ದಿನ ಆ ತಾಯಿ ಟಿಕೆಟ್ ಕೊಡುವುದನ್ನು ಬಿಟ್ಟು ಫೋನ್ ಮಾಡಿದಳು. ಮಾತಿಗಿಂತ ಬಸ್ಸಿನ ಹಾರನ್ನೇ ಜಾಸ್ತಿ ಕೇಳಿಸಿತು.

ಪಕ್ಕದ ತರಗತಿಯಲ್ಲಿ ಗುಂಡಮ್ಮನ ಮೊದಲ ದಿನ. ಊಟದ ಗಂಟೆ ಹೊಡೆದದ್ದೇ ಟೀಚರ್ ಆ ಕೋಣೆಯ ಕಿಟಕಿಯ ಹತ್ತಿರ ಓಡಿದರು, ಹಿಂದೆಯೇ ನಾನು. ಗುಂಡಮ್ಮ ಮುಚ್ಚಳಕ್ಕೆ ಕೈಯಿಟ್ಟವಳು ತಲೆಯೆತ್ತಿ ಅವರನ್ನು ಕಂಡಳು. ಕೈ ತೆಗೆದು ಡಬ್ಬಿಯನ್ನು ಅವರತ್ತ ಮೆಲ್ಲಗೆ ತಳ್ಳಿದಳು.

ಕೋಳಿಯಮ್ಮ ಥಟ್ಟನೆ ಕಿಟಕಿಯ ಕೆಳಗೆ ಕುಕ್ಕರಿಸಿದರು. ಐವತ್ತೆಂಟರ ಮಂಡಿಗಳು ಲಟಕ್ ಎಂದವು.

“ಏನ್ ಮಾಡ್ತಿದ್ದಾಳೆ ನೋಡಮ್ಮ” ಎಂದು ಕೆಳಗಿನಿಂದ ಪಿಸುಗುಟ್ಟಿದರು.

“ನಿಮ್ಮನ್ನೇ ಹುಡುಕ್ತಿದ್ದಾಳೆ... ಡಬ್ಬಿ ವಾಪಸ್ ಎಳ್ಕೊಂಡ್ಲು... ತೆರೆದ್ಲು ಟೀಚರ್! ಉಣ್ತಿದ್ದಾಳೆ. ಏಳಿ ಇನ್ನು, ಮಂಡಿ ಹಿಡ್ಕೊಳ್ಳುತ್ತೆ.”

ಅವರು ಏಳಲಿಲ್ಲ. “ಪೂರ್ತಿ ಉಂಡು ಮುಗಿಸ್ಲಿ, ಆಮೇಲೆ ಏಳ್ತೀನಿ” ಎಂದರು.