ಬಂಗಲೆ ಬಿಟ್ಟು ಮಣ್ಣಿನ ಕೋಣೆಗೆ

ದೇವರ ಹಿಪ್ಪರಗಿಯಲ್ಲಿ ನಮ್ಮ ಹೊಸ ಮನೆ ನೋಡದವರಿಲ್ಲ. ನೋಡಲಿ ಎಂದೇ ನಮ್ಮ ಯಜಮಾನರು ಕಟ್ಟಿಸಿದ್ದು. ಎತ್ತರದ ಸ್ಲ್ಯಾಬು, ಮುಖ ಕಾಣುವಂಥ ಟೈಲ್ಸು, ಗೋಡೆ ತುಂಬ ಗಾಜಿನ ಕಿಟಕಿ. ಬೇಸಿಗೆಯಲ್ಲಿ ಒಳಗೆ ಬೇಯುತ್ತೇವೆ, ಚಳಿಗಾಲದಲ್ಲಿ ನೆಲಕ್ಕೆ ಕಾಲಿಟ್ಟರೆ ಜೀವ ಝಲ್ಲೆನ್ನುತ್ತದೆ. ಹಟ ಹಿಡಿದು ನಾನು ಉಳಿಸಿಕೊಂಡದ್ದು ಹಿತ್ತಲಿನ ಹಳೆಯ ಮಣ್ಣಿನ ಕೋಣೆ ಒಂದನ್ನೇ. ಅದರಲ್ಲಿ ಜೋಳದ ಚೀಲ, ಎಮ್ಮೆಗೆ ಹಾಕುವ ಒಣ ಕಣಿಕೆ ಇಡುತ್ತಿದ್ದೆವು.

ಹೋದ ಚಳಿಗಾಲ ಮಗಳು ಚೊಚ್ಚಲ ಹೆರಿಗೆಗೆ ಇಂಡಿಯ ಗಂಡನ ಮನೆಯಿಂದ ಬಂದಳು. ದಿನ ತುಂಬುವ ಮೊದಲೇ ಹೆತ್ತಳು. ಹೆಣ್ಣು ಕೂಸು, ಅಂಗೈ ಅಗಲ. ಸಿಂದಗಿಯ ಆಸ್ಪತ್ರೆಯಿಂದ ಕಳಿಸುವಾಗ ನರ್ಸಬಾಯಿ ಖಡಕ್ಕಾಗಿ ಹೇಳಿದರು: "ತೂಕ ಭಾಳ ಕಡಿಮಿ ಐತ್ರಿ. ಥಂಡಿ ಹತ್ತಿದ್ರ ಕೂಸು ಉಳಿಯೂದು ಕಷ್ಟ. ಎದಿಗೆ ಹಚ್ಚಿ ಇಟ್ಕೋರಿ. ಅಂಗಾಲು ಮುಟ್ಟಿ ಮುಟ್ಟಿ ನೋಡ್ರಿ."

ಮನೆಗೆ ಬಂದ ಸಂಜೆಯೇ ಅಂಗಾಲು ತಣ್ಣಗಾದವು. ಯಜಮಾನರು ಓಡಿಹೋಗಿ ಕರೆಂಟಿನ ಹೀಟರ್ ತಂದು ಹಚ್ಚಿದರು. ಅದರ ಮುಂದೆ ನಿಂತವರ ಮೊಣಕಾಲು ಸುಡುತ್ತಿತ್ತು, ಮಂಚದ ಮೇಲೆ ಮಾತ್ರ ಅದೇ ಚಳಿ. ಕಾವೆಲ್ಲ ಮೇಲೇರಿ ಸ್ಲ್ಯಾಬಿನ ಪಾಲಾಯಿತು. ಅಷ್ಟರಲ್ಲಿ ಕರೆಂಟೂ ಹೋಯಿತು. ಅತ್ತೆ ಇದಕ್ಕೇ ಕಾಯುತ್ತಿದ್ದರೇನೋ, ಕೆಂಡ ತುಂಬಿದ ಶೇಗಡಿ ಹಿಡಿದು ಬಂದರು. ಬಾಣಂತಿಯ ಮಂಚದ ಕೆಳಗೆ ಕೆಂಡ ಇಟ್ಟು, ಅಜವಾನ ಉದುರಿಸಿ, ಕದ ಬಿಗಿದು ಹೊಗೆ ಕೊಡುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ.

"ಅತ್ತಿ, ಶೇಗಡಿ ಒಳಗ ಬರೂದು ಬ್ಯಾಡ್ರಿ," ಎಂದೆ.

"ನಾ ಐದು ಹಡದೇನಿ. ನನಗ ಕಲಸಾಕ ಬರ್ತಿಯೇನ?"

"ನೀವು ಹಡದಿದ್ದು ಗಾಳಿ ಆಡೂ ಮನ್ಯಾಗ್ರಿ. ಇಲ್ಲಿ ಗಾಜ ಬಿಗದ್ರ ಹೊಗಿ ಎಲ್ಲಿ ಹೋಗಬೇಕ್ರಿ? ಮೊದಲ ಈ ಕೂಸಿಗೆ ಉಸಿರು ಕಮ್ಮಿ."

ಅತ್ತೆ ಮೂತಿ ತಿರುವಿದರು. ತಿರುವಲಿ! ಕೂಸನ್ನು ಮಗಳ ಎದೆಗೆ ಹಚ್ಚಿ ಸೀರೆಯಿಂದ ಕಟ್ಟಿ, ಸೆರಗು ಬಿಗಿದು ಹಿತ್ತಲಿಗೆ ಹೋದೆ. ಮಣ್ಣಿನ ಕೋಣೆಯ ಎರಡು ಮೊಳ ದಪ್ಪದ ಗೋಡೆ ಹಗಲೆಲ್ಲ ಬಿಸಿಲುಂಡು ಇನ್ನೂ ಬೆಚ್ಚಗಿತ್ತು. ಗಾಳಿ ಹೊಡೆಯುವ ಬಡಗಣ ಗೋಡೆಗುಂಟ ಜೋಳದ ಚೀಲ ಎಳೆದು ಒಟ್ಟಿದೆ. ಕಣಿಕೆಯ ಧೂಳು ಝಾಡಿಸಿ ನೆಲಕ್ಕೆ ದಪ್ಪಗೆ ಹಾಸಿದೆ, ಅದರ ಮೇಲೆ ಹಳೆಯ ಸೀರೆಗಳಿಂದ ಹೊಲಿದ ಕೌದಿ. ಮಗಳನ್ನೂ ಕೂಸನ್ನೂ ಕರೆತಂದು ಅಲ್ಲಿ ಮಲಗಿಸಿದೆ.

ಯಜಮಾನರು ಬಾಗಿಲಿಗೆ ಬಂದು ನಿಂತರು. "ತಲಿ ಕೆಟ್ಟೈತೇನ ನಿಂದು? ನಾಳೆ ಬೀಗರು ಬರ್ತಾರ. ಇಂಥಾ ಮನಿ ಬಿಟ್ಟು ಕಣಿಕ್ಯಾಗ ಬಾಣಂತಿನ ಒಗದಾರ ಅಂದ್ರ ನಾ ಮಾರಿ ಎಲ್ಲಿ ಇಡಲಿ?"

"ನಿಮ್ಮ ಮಾರಿ ಟೈಲ್ಸಿನ್ಯಾಗ ನೋಡ್ಕೊಂತ ಕುಂದರ್ರಿ. ನನಗ ಕೂಸಿನ ಮಾರಿ ನೋಡೂದೈತಿ."

ಮರುದಿನ ಬೀಗರು ಬಂದರು. ಬೀಗತಿ ಹೊಸ್ತಿಲಲ್ಲೇ ನಿಂತು, "ಇದೇನ್ರೀ ಅವತಾರ?" ಎಂದರು. "ಒಳಗ ಬಂದು ಕುಂಡ್ರಿ, ಆಮ್ಯಾಲೆ ಬೈರಿ," ಎಂದೆ. ಕುಳಿತರು. ಸ್ವಲ್ಪ ಹೊತ್ತಿಗೆ ಸ್ವೆಟರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

ಹಗಲು ತೆಂಕಣ ಬಾಗಿಲು ತೆರೆದು ಬಿಸಿಲು ಒಳಗೆ ಬಿಟ್ಟುಕೊಳ್ಳುತ್ತಿದ್ದೆ, ಕೌದಿಗಳನ್ನು ಅದೇ ಬಿಸಿಲಿಗೆ ಹರವುತ್ತಿದ್ದೆ. ಹೊತ್ತು ಮುಳುಗುವ ಮೊದಲು ಬಾಗಿಲು ಮುಚ್ಚಿ, ಉಸಿರಿಗೆಂದು ಮಾಳಿಗೆಯ ಬೆಳಕಿಂಡಿ ಅಷ್ಟೇ ಸ್ವಲ್ಪ ತೆರೆದಿಡುತ್ತಿದ್ದೆ. ಹೀಟರ್ ಇಲ್ಲ, ಕೆಂಡ ಇಲ್ಲ, ಉರಿಯುತ್ತಿದ್ದುದು ಒಂದು ಬಲ್ಬು. ಮಗಳು ದಣಿದರೆ ಕೂಸು ನನ್ನ ಎದೆಗೆ ಬರುತ್ತಿತ್ತು. ಮೇಲೆ ಧೈರ್ಯ ತೋರಿಸುತ್ತಿದ್ದೆನೇ ಹೊರತು ರಾತ್ರಿಯೆಲ್ಲ ಎದ್ದೆದ್ದು ಕೂಸಿನ ಅಂಗಾಲು ಮುಟ್ಟಿ ನೋಡುತ್ತಿದ್ದೆ. ಕೂಸಿಗೆ ಏನಾದರೂ ಆದರೆ ಇಡೀ ಊರು ನನ್ನನ್ನೇ ಆಡಿಕೊಳ್ಳುತ್ತದೆ, ಅದಿರಲಿ, ಮಗಳ ಮುಖ ಹೇಗೆ ನೋಡಲಿ? ಕೂಸು ಜೋರಾಗಿ ಅಳುತ್ತಲೂ ಇರಲಿಲ್ಲ, ಬೆಕ್ಕಿನ ಮರಿಯಂತೆ ಕುಂಯ್‌ಗುಡುತ್ತಿತ್ತು.

ಚಳಿ ಬಲು ಬಿರುಸಾಗಿದ್ದ ಒಂದು ಮುಂಜಾನೆ ತೊಟ್ಟಿಯ ನೀರಲ್ಲಿ ಕೈ ತೊಳೆದು ಒಳಗೆ ಬಂದೆ. ಕೌದಿ ಸರಿಸಿ ಅಂಗಾಲು ಮುಟ್ಟಿದೆನೋ ಇಲ್ಲವೋ, ಕೂಸು ಪಟ್ಟನೆ ಕಾಲೆಳೆದುಕೊಂಡು ಕೋಣೆ ಹಾರಿಹೋಗುವಂತೆ ಚೀರಿತು. ನನ್ನ ಕಣ್ಣಲ್ಲಿ ದಳದಳ ನೀರು.

"ಏನಾತಬೇ ಕೂಸಿಗೆ?" ಅತ್ತೆ ಹೊರಗಿನಿಂದ ಓಡಿಬಂದರು.

"ಏನಿಲ್ರಿ ಅತ್ತಿ. ನನ್ನ ಕೈ ಥಣ್ಣಗದಾವಂತ ಬೈಯಾಕತ್ತಾಳ."