ನನ್ನ ಕಾರಿನ ಗಜಗಮನ

ತಿರುವಿನಲ್ಲಿ ನನ್ನ ಕಾರು ವಾಲುವುದನ್ನು ನಾನು ಬಹಳ ಕಾಲ ಅದರ ಒಯ್ಯಾರವೆಂದೇ ತಿಳಿದಿದ್ದೆ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಅದು ಮೈಯನ್ನು ಬಲಕ್ಕೆ ಬಾಗಿಸಿ, ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ತಿರುಗುತ್ತಿತ್ತು. ಹಳೆಯ ಕವಿಗಳು ಹೆಣ್ಣಿನ ನಡಿಗೆಯನ್ನು ಆನೆಯ ನಡಿಗೆಗೆ ಹೋಲಿಸಿ ಗಜಗಮನೆ ಎಂದು ಹೊಗಳಿದ್ದಾರಲ್ಲ, ಅವರಾರೂ ಅವಸರದ ಕೆಲಸಕ್ಕೆ ಆನೆಯ ಮೇಲೆ ಕುಳಿತು ತಿರುವು ದಾಟಿದವರಲ್ಲ ಎಂದು ನನ್ನ ಗುಮಾನಿ. ನಮ್ಮ ಅತ್ತೆಗಂತೂ ಆ ತೂಗಾಟ ಬಲು ಇಷ್ಟವಾಗಿತ್ತು. ಹಿಂದಿನ ಸೀಟಿನಲ್ಲಿ ಕುಳಿತರೆ ಗಂಗಾವತಿ ದಾಟುವುದರೊಳಗೆ ಗೊರಕೆ. “ತೊಟ್ಲಾಗ ಮಲಗಿದಂಗ ಆಗತೈತಿ ನೋಡವಾ” ಎನ್ನುತ್ತಿದ್ದರು.

ನಾನು ದನದ ಡಾಕ್ಟರು. ಮನೆ ಗಂಗಾವತಿಯಲ್ಲಿ, ಕೆಲಸ ಕನಕಗಿರಿ, ಹುಲಿಹೈದರದ ಸುತ್ತಿನ ಹಳ್ಳಿಗಳಲ್ಲಿ. ಒಂದು ಮುಂಜಾನೆ ಹನುಮವ್ವ ಎಂಬಾಕೆಯ ಫೋನು ಬಂತು. “ಎಮ್ಮಿ ಈಯಾಕ ಒದ್ದಾಡಾಕತ್ತೈತ್ರಿ. ಕರುವಿಂದ ಒಂದ ಕಾಲು ಕಾಣತೈತಿ. ಲಗೂನ ಬರ್ರಿ.” ಹೊರಟೆ. ಹುಲಿಹೈದರದ ದಾರಿಯ ತಿರುವೊಂದರಲ್ಲಿ ಆಡಿನ ಹಿಂಡು ಅಡ್ಡ ಬಂತು. ಎಡಕ್ಕೆಳೆದು, ಮತ್ತೆ ಬಲಕ್ಕೆಳೆದೆ. ಕಾರು ಒಂದು ಮಗ್ಗುಲಿಗೆ ಒರಗಿದ್ದು ಏಳುವ ಮೊದಲೇ ಇನ್ನೊಂದು ಮಗ್ಗುಲಿಗೆ ಒರಗಿತು. ಅದರ ಹಿಂಭಾಗ ಬೀಸಿಕೊಂಡು ಹೋಗಿ ಅದೂ ನಾನೂ ಪಕ್ಕದ ತೊಗರಿ ಹೊಲದಲ್ಲಿ ನಿಂತೆವು. ಆಡುಗಳಿಗೂ ನನಗೂ ಏನೂ ಆಗಲಿಲ್ಲ. ಆದರೆ ದಾರಿಯಲ್ಲಿ ಸಿಕ್ಕ ಟ್ರ್ಯಾಕ್ಟರ್ ಹತ್ತಿ ಊರು ಮುಟ್ಟುವಷ್ಟರಲ್ಲಿ ತಡವಾಗಿತ್ತು. ಎಮ್ಮೆಯನ್ನು ಉಳಿಸಿದೆ, ಕರು ಉಳಿಯಲಿಲ್ಲ.

ಹನುಮವ್ವ ಒಂದು ಬಿರುಸು ಮಾತೂ ಆಡಲಿಲ್ಲ. “ತಾಯಿ ಉಳೀತು, ನೀವೂ ಉಳಿದ್ರಿ. ಬರ್ರಿ, ಚಾ ಕುಡೀರಿ” ಎಂದಳು. ಈ ಕಾರನ್ನು ನೆಟ್ಟಗೆ ಮಾಡಿಯೇ ತೀರುತ್ತೇನೆ ಎಂದು ಅಲ್ಲಿ, ಆ ಕೊಟ್ಟಿಗೆಯ ಬಾಗಿಲಲ್ಲಿ ತೀರ್ಮಾನ ಮಾಡಿದೆ.

ಗ್ಯಾರೇಜಿನ ಮಹಬೂಬಣ್ಣ ಕಾರಿನ ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟರು. ಅದು ಎದ್ದು, ಕುಸಿದು, ಮತ್ತೆ ಎದ್ದು, ತನಗೆ ಬೇಕೆನಿಸಿದಾಗ ನಿಂತಿತು. “ಶಾಕಪ್ ಹೋಗ್ಯಾವ್ರಿ ಮೇಡಂರ, ಎಣ್ಣಿ ಸೋರೈತಿ” ಎಂದರು. ಕಾರಿನ ಭಾರ ಹೊರುವುದು, ತಗ್ಗು ಬಂದಾಗ ಮಡಚಿಕೊಳ್ಳುವುದು ಸ್ಪ್ರಿಂಗಿನ ಕೆಲಸ. ಆದರೆ ಸ್ಪ್ರಿಂಗಿಗೆ ಒಂದು ಸಲ ಕುಣಿಯಲು ಹಚ್ಚಿದರೆ ನಿಲ್ಲಿಸುವ ಬುದ್ಧಿಯಿಲ್ಲ. ಮದುವೆಯ ಮೆರವಣಿಗೆಯಲ್ಲಿ ಅಂಥವರೊಬ್ಬರು ಇದ್ದೇ ಇರುತ್ತಾರೆ. ಅವರ ಹೆಗಲು ಹಿಡಿದು “ಸಾಕು, ನಡಿ” ಎನ್ನುವ ಭಾವನ ಕೆಲಸ ಶಾಕಪ್ಪಿನದು.

ನನಗೆ ಆ ದಿನ ಅಷ್ಟು ವಿವೇಕ ಇರಲಿಲ್ಲ. “ಇದ್ದದ್ರಾಗ ಭಾಳ ಬಿರುಸು ಸ್ಪ್ರಿಂಗ್ ಹಾಕ್ರಿ. ಕಾರು ನೆಲಕ್ಕ ಹತ್ಕೊಂಡ ಓಡಬೇಕು” ಎಂದೆ. ಮಹಬೂಬಣ್ಣ ತಡೆಯಲಿಲ್ಲ. ಅವರಿಗೂ ಕೈ ತುರಿಸುತ್ತಿತ್ತು. “ನಾನೂ ಹಾಕಿ ನೋಡಿಲ್ರಿ. ಒಂದ್ ಸಲ ನೋಡೇ ಬಿಡೂಣು” ಎಂದು ರೇಸಿನ ಕಾರುಗಳಿಗೆ ಹಾಕುವಂಥ ಗಿಡ್ಡ, ಗಟ್ಟಿ ಸ್ಪ್ರಿಂಗುಗಳನ್ನು ತರಿಸಿದರು. ಹಳೆಯ ಅಳತೆಯ ಹೊಸ ಶಾಕಪ್ಪುಗಳನ್ನೂ ಹಾಕಿದರು.

ಡಾಂಬರು ನುಣುಪಾಗಿರುವಷ್ಟು ದೂರ ನಾನು ರಾಣಿ. ಮೊದಲ ರಸ್ತೆಯುಬ್ಬಿನಲ್ಲೇ ಕಾರಿನ ಹೊಟ್ಟೆ ಕರ್‍ರೆಂದು ಉಜ್ಜಿತು. ಅತ್ತೆಯನ್ನು ಹೇಮಗುಡ್ಡದ ದುರ್ಗಮ್ಮನ ದರ್ಶನಕ್ಕೆ ಕರೆದುಕೊಂಡು ಹೋದೆ. ಗುಡಿಯ ಮುಂದೆ ಇಳಿದವರೇ ಸೊಂಟ ಹಿಡಿದುಕೊಂಡು, “ಇದ್ಯಾವ ಕಾರವಾ? ಗಿರಣ್ಯಾಗ ಕುಂತಂಗ ಆತು. ಅಮ್ಮನ ಮುಂದ ಏನೇನ್ ಬೇಡ್ಕೋಬೇಕಂತ ಬಂದಿದ್ನೋ, ಎಲ್ಲಾ ದಾರ್‍ಯಾಗ ಉದುರಿ ಹೋತು” ಎಂದರು. ವಾಪಸು ಬಸ್ಸಿನಲ್ಲೇ ಬಂದರು.

ಸೊಂಟದ ಮಾತು ಬಿಡಿ, ನನ್ನನ್ನು ಹೆದರಿಸಿದ್ದು ಬೇರೆ. ಡಾಂಬರು ಕಿತ್ತುಹೋದ ತಿರುವಿನಲ್ಲಿ ಕಾರು ಈಗ ವಾಲುತ್ತಿರಲಿಲ್ಲ, ಜಿಗಿಯುತ್ತಿತ್ತು. ಅತಿ ಬಿರುಸಿನ ಸ್ಪ್ರಿಂಗು ತಗ್ಗಿಗೆ ಇಳಿಯದೆ ಚಕ್ರವನ್ನೇ ಎತ್ತಿಕೊಂಡು ಹಾರುತ್ತದೆ. ಸ್ಪ್ರಿಂಗಿಗೆ ಬಲ ಹೆಚ್ಚಿ, ಹಳೆಯ ಅಳತೆಯ ಶಾಕಪ್ಪಿಗೆ ಅದನ್ನು ಹಿಡಿಯುವ ತ್ರಾಣವಿರಲಿಲ್ಲ. ನೆಲ ಬಿಟ್ಟ ಚಕ್ರವನ್ನು ಎತ್ತ ತಿರುಗಿಸಿದರೇನು?

ಹಟ ಮತ್ತು ಛಲ ಎಂಬ ಎರಡು ಪದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ನಿಘಂಟು ಏನೇ ಹೇಳಲಿ, ನನಗೆ ಅವು ಬೇರೆಯಾದದ್ದು ಆ ವಾರ. ಹಟ ತಾನು ಆಡಿದ ಮಾತನ್ನು ಹಿಡಿದುಕೊಳ್ಳುತ್ತದೆ, ಛಲ ತನಗೆ ಬೇಕಾದದ್ದನ್ನು. ನನಗೆ ಬೇಕಾಗಿದ್ದುದು ಗಟ್ಟಿ ಸ್ಪ್ರಿಂಗಲ್ಲ, ಕರೆದ ಮನೆಗೆ ಹೊತ್ತಿಗೆ ಸರಿಯಾಗಿ ಮುಟ್ಟುವ ಕಾರು. ಮತ್ತೆ ಗ್ಯಾರೇಜಿಗೆ ಹೋದೆ.

“ಬಿಚ್ಚೂಣೇನ್ರಿ?” ಎಂದರು ಮಹಬೂಬಣ್ಣ, ಮುಖ ಸಣ್ಣದು ಮಾಡಿ.

“ಬಿಚ್ರಿ. ಆದ್ರ ಈ ಸಲ ಖಾಲಿ ಕಾರ್ ನೋಡಿ ಆರಿಸೂದು ಬ್ಯಾಡ. ನನ್ನ ಕಾರು ಯಾವತ್ತೂ ಖಾಲಿ ಇರೂದಿಲ್ಲ.”

ಡಿಕ್ಕಿ ತೆರೆದು ತೋರಿಸಿದೆ. ಔಷಧದ ಪೆಟ್ಟಿಗೆ, ಹೋರಿಯ ವೀರ್ಯ ಕೆಡದಂತೆ ಇಡುವ ದ್ರವ ಸಾರಜನಕದ ದಪ್ಪ ಡಬ್ಬಿ, ಹಗ್ಗ, ಸರಪಳಿ, ನೀರಿನ ಕ್ಯಾನು. ಇಬ್ಬರೂ ಅದನ್ನೇ ನೋಡುತ್ತ ನಿಂತೆವು. ಹಿಂದೆ ಇಷ್ಟು ಭಾರ ಕುಳಿತಿರುವಾಗ ಹಿಂಭಾಗ ಬೀಸದೆ ಇನ್ನೇನು ಮಾಡೀತು? ಮಹಬೂಬಣ್ಣ ಹಣೆ ಒತ್ತಿಕೊಂಡರು. “ಇದನ್ನ ಮೊದ್ಲ ಕೇಳಬೇಕಿತ್ರಿ ನಾನು.” “ನಾನೂ ಮೊದ್ಲ ಹೇಳಬೇಕಿತ್ತು” ಎಂದೆ.

ಈ ಸಲ ಎತ್ತರ ಕಾರಿನ ಮೂಲದ್ದೇ ಇಟ್ಟೆವು. ಮುಂದೆ ತುಸುವೇ ಬಿಗಿಯಾದ ಸ್ಪ್ರಿಂಗು, ಹಿಂದೆ ಆ ಭಾರ ಹೊರುವಂಥದ್ದು, ಅವುಗಳ ಬಲಕ್ಕೆ ಹೊಂದುವ ಶಾಕಪ್ಪು. ಕೀಲುಗಳಲ್ಲಿ ಸವೆದ ರಬ್ಬರ್ ಬುಷ್‌ಗಳನ್ನು ಬದಲಿಸಿ, ಟೈರಿನ ಗಾಳಿ ಸರಿಮಾಡಿ, ಸಾಮಾನು ತುಂಬಿಕೊಂಡೇ ಓಡಿಸಿ ನೋಡಿದೆವು. ಕಾರು ಬಾಗಿತು, ಬಾಗಿ ನಿಂತಿತು, ಹೇಳಿದ ಕಡೆ ತಿರುಗಿತು. ಮಹಬೂಬಣ್ಣ ಪಕ್ಕದಲ್ಲಿ ಕುಳಿತು “ಛಲೋ ಆತ್ರಿ, ಛಲೋ ಆತು” ಎಂದು ಡ್ಯಾಶ್‌ಬೋರ್ಡನ್ನು ಎತ್ತಿನ ಬೆನ್ನಿನಂತೆ ತಟ್ಟಿದರು. ಅತ್ತೆಗೆ ಈಗ ಗೊರಕೆ ಬರುವುದಿಲ್ಲ. ದಾರಿಯುದ್ದಕ್ಕೂ ಎಚ್ಚರವಿದ್ದು ನನಗೆ ಸಂಸಾರ ಹೇಗೆ ಮಾಡಬೇಕೆಂದು ಹೇಳುತ್ತಾರೆ. ಎಲ್ಲ ಸುಧಾರಣೆಗೂ ಒಂದು ದಂಡ ತೆರಬೇಕಾಗುತ್ತದೆ.

ಮೊನ್ನೆ ಕನಕಗಿರಿಯ ಹತ್ತಿರದ ಊರಿನಿಂದ ದುರಗಪ್ಪ ಎಂಬ ರೈತ, ಆಕಳು ಈಯಲು ಒದ್ದಾಡುತ್ತಿದೆ ಎಂದು ಫೋನು ಮಾಡಿದ. ದಾರಿಯಲ್ಲಿ ಬೈಕೊಂದು ಸಂದಿಯಿಂದ ನುಗ್ಗಿತು. ಕಾರು ಪಕ್ಕಕ್ಕೆ ಸರಿದು ನೆಟ್ಟಗಾಯಿತು. ನನ್ನ ಎದೆ ಮಾತ್ರ ಇನ್ನೂ ಕುಣಿಯುತ್ತಿತ್ತು. ಅದಕ್ಕೆ ಹೊಂದುವ ಶಾಕಪ್ಪು ಯಾವ ಗ್ಯಾರೇಜಿನಲ್ಲೂ ಸಿಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಮುಟ್ಟಿ, ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದ ಕರುವನ್ನು ಸರಿಮಾಡಿ ಹೊರಗೆಳೆದೆವು. ಉಸಿರಾಡಿತು. ತುಸು ಹೊತ್ತಿಗೆ ಏಳಲು ನೋಡಿತು, ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹೋಗಿ ಬಿತ್ತು. ದುರಗಪ್ಪ ಎತ್ತಿ ನಿಲ್ಲಿಸಲು ಕೈ ಚಾಚಿದ.

“ಬ್ಯಾಡ ಬಿಡಪ್ಪ, ಅದ ಏಳತೈತಿ.”

“ಮತ್ತ ಬಿದ್ರರಿ?”

“ಬೀಳತೈತಿ. ಬೀಳಲಿ.”

ನಾವಿಬ್ಬರೂ ಕೊಟ್ಟಿಗೆಯ ಕಲ್ಲಿನ ಮೇಲೆ ಕುಳಿತು, ಅದು ಬೀಳುವುದನ್ನೂ ಏಳುವುದನ್ನೂ ನೋಡುತ್ತ ಕಾದೆವು.