ನಾಲ್ಕು ತಾಲೂಕಿಗೊಂದೇ ಗಾಡಿ

ಝಳಕಿಯ ಶ್ರೀಶೈಲಪ್ಪನ ಕಿರಾಣಿ ಅಂಗಡಿಗೆ ಹೋಗುವವರು ಒಂದು ಮಾತು ತಿಳಿದಿರಬೇಕಿತ್ತು. ಅವನು ಬೆಲ್ಲ ತೂಗುತ್ತಿರುವಾಗ ಸೊಲ್ಲಾಪುರ ರಸ್ತೆಯಲ್ಲಿ ಯಾವುದಾದರೂ ವಿಚಿತ್ರ ಕಾರು ಬಂತೆಂದರೆ ಮುಗಿಯಿತು, ಬೆಲ್ಲ ತಕ್ಕಡಿಯಲ್ಲೇ, ಗಿರಾಕಿ ಕಟ್ಟೆಯ ಮೇಲೆ, ಶ್ರೀಶೈಲಪ್ಪ ರಸ್ತೆಯಲ್ಲಿ. ಧೋತರದ ಚುಂಗು ಎತ್ತಿ ಹಿಡಿದು ಓಡುತ್ತಿದ್ದ. ಗಿರಾಕಿಗಳು ಅವನನ್ನು ಬಯ್ಯುತ್ತಿದ್ದರು. ಆದರೆ ಮರುದಿನ ಮತ್ತೆ ಅಲ್ಲಿಗೇ ಬರುತ್ತಿದ್ದರು, ಏಕೆಂದರೆ ಅವನ ತಕ್ಕಡಿಯಲ್ಲಿ ಮೋಸವಿರಲಿಲ್ಲ.

ನನ್ನ ಹೊಲಿಗೆ ಅಂಗಡಿ ಅವನ ಅಂಗಡಿಗೆ ಗೋಡೆ ಹಚ್ಚಿಯೇ ಇತ್ತು. ನಾನು ಗುಡುಸಾಬ, ಈ ಊರಿನ ಅರ್ಧ ಜನರ ಅಂಗಿ ಚೊಣ್ಣ ಹೊಲಿದವನು. ಸಿಟ್ಟಿನ ಮನುಷ್ಯ ಎಂದು ನನಗೆ ಹೆಸರಿದೆ, ಇರಲಿ. ಗೋಡೆಯ ಆ ಬದಿಯಿಂದ ಅವನ ಕೂಗು ಬಂದರೆ ನಾನು ಮಷೀನು ನಿಲ್ಲಿಸಲೇಬೇಕಿತ್ತು.

"ಏ ಗುಡುಸಾಬ, ಹೊರಗ ಬಾರೋ! ಸಪ್ಪಳಾನ ಬ್ಯಾರೆ ಐತಿ, ಯಾವ್ದೋ ಕಾಣದ್ದು ಬರಾಕತ್ತೈತಿ!"

ಹೀಗೆ ಅವನ ಜೊತೆ ನಿಂತು ನಾನು ನೋಡಿದ ಗಾಡಿಗಳು ಒಂದೆರಡಲ್ಲ. ಮೂರೇ ಗಾಲಿಯ, ಪ್ಲಾಸ್ಟಿಕ್ ಮೈಯ ಬಾದಲ್ ಎಂಬ ಕಾರು ನೋಡಿದೆ. ಗೋವಾದಿಂದ ಬಂದ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವ ಕೆಂಪು ಗಾಡಿ ನೋಡಿದೆ. ಒಳಗೇ ಹಾಸಿಗೆ, ಒಲೆ ಇಟ್ಟುಕೊಂಡು ಪರದೇಶದ ಗಂಡಹೆಂಡತಿ ಎಡಗಡೆ ಸ್ಟೇರಿಂಗಿನ ವ್ಯಾನಿನಲ್ಲಿ ಬಂದು ನಮ್ಮ ಕ್ರಾಸಿನಲ್ಲಿ ಚಹಾ ಕುಡಿದು ಹೋದರು. ಶ್ರೀಶೈಲಪ್ಪ ಬೆಲೆ ಕೇಳುತ್ತಿರಲಿಲ್ಲ, ಮುಟ್ಟುತ್ತಲೂ ಇರಲಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು, ಗುಡಿ ಸುತ್ತಿದಂತೆ ಒಂದು ಸುತ್ತು ಬರುತ್ತಿದ್ದ. ಆಮೇಲೆ ಡ್ರೈವರನಿಗೆ ತಾನೇ ಚಹಾ ಹೇಳಿ, "ಒಮ್ಮಿ ಬಾನೆಟ್ ಎತ್ತರಲ್ಲರಿ ಸಾಹೇಬ್ರ" ಎಂದು ಬೇಡಿಕೊಳ್ಳುತ್ತಿದ್ದ. ಆಲಮಟ್ಟಿಯ ಡ್ಯಾಮಿಗೆ ಯಾರೋ ಎಂಜಿನಿಯರು ಹಳೆಯ ಇಂಗ್ಲಿಷ್ ಕಾರು ತಂದಿದ್ದಾರೆಂದು ಕೇಳಿ, ಅಂಗಡಿಗೆ ಬೀಗ ಹಾಕಿ ಬಸ್ಸಿನಲ್ಲಿ ಹೋಗಿ ನೋಡಿ ಬಂದ ಪುಣ್ಯಾತ್ಮ ಅವನು.

"ಇದ್ರಾಗ ನಿನಗ ಏನ್ ಸಿಗತೈತೋ ಮಾರಾಯಾ?" ಎಂದು ನಾನು ಒಮ್ಮೆ ರೇಗಿದೆ.

"ಎಲ್ಲಾ ಗಾಡೀನೂ ಅಂಬಾಸಿಡರ್ ಆದ್ರ ಕಣ್ಣ ಯಾಕ ಬೇಕೋ ಗುಡುಸಾಬ?" ಎಂದ. ನಾನು ಮತ್ತೆ ಗುಂಡಿಯ ಕಾಜಾ ಹೊಲಿಯುತ್ತ ಕುಳಿತೆ.

ತೊಂಬತ್ತಾರರ ಸುಮಾರಿಗೆ ಅವನ ತಲೆ ಪೂರ್ತಿ ಕೆಟ್ಟಿತು. ಸೊಲ್ಲಾಪುರದ ಹತ್ತಿ ವ್ಯಾಪಾರಿಯೊಬ್ಬರ ಶೆಡ್ಡಿನಲ್ಲಿ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಒಂದು ಧೂಳು ತಿನ್ನುತ್ತ ನಿಂತಿತ್ತು. ಮೇಲ್ಗಡೆ ತಗಡಿಲ್ಲ, ಮಡಚುವ ಬಟ್ಟೆಯ ಚಾವಣಿ. ಬಾನೆಟ್ ಎತ್ತಿದರೆ ಮಡ್‌ಗಾರ್ಡಿನ ಸಮೇತ ಗಾಡಿಯ ಮುಂಭಾಗವೆಲ್ಲ ಎದ್ದು ನಿಲ್ಲುತ್ತಿತ್ತು. ಹನುಮಪ್ಪನ ಗುಡಿಯ ಪಕ್ಕದ ಖುಲ್ಲಾ ಜಾಗ ಮಾರಿ ಅದನ್ನು ತಂದ. ಅವನ ಹೆಂಡತಿ ಚನ್ನವ್ವ ಅಂದು ಒಲೆ ಹಚ್ಚಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಊರು ಆಡಿಕೊಂಡಿತು. ಎಲ್ಲರಿಗಿಂತ ಮೊದಲು ಆಡಿದವನು ನಾನೇ, ಅದರ ಹರಿದ ಚಾವಣಿಯನ್ನು ಹೊಲಿದು ಕೊಟ್ಟವನೂ ನಾನೇ.

ಗಾಡಿಗೆ ಕೆನೆ ಬಣ್ಣ ಹೊಡೆಸಿದ ದಿನ ಅವನು ತನ್ನ ಮಗಳು ವಿದ್ಯಾವತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ. ಆಗ ಅವಳು ಹೈಸ್ಕೂಲಿಗೆ ಹೋಗುತ್ತಿದ್ದಳು.

"ಮದುವ್ಯಾದ ದಿನ ನನ್ನ ಮಗಳು ಇದ್ರಾಗ ಕುಂತು ಗಂಡನ ಮನಿಗೆ ಹೋಗಬೇಕು. ನನ್ನ ಆಸೇ ಅಂದ್ರ ಅದೊಂದಾ ನೋಡು" ಎಂದ. ವಿದ್ಯಾವತಿ ನಾಚಿ ಇಳಿದು ಓಡಿದಳು. ಮರುದಿನದಿಂದ ಮಾತ್ರ ಯಾರೂ ಹೇಳದೆಯೇ ಗಾಡಿ ಒರೆಸಲು ತಾನೇ ಬರತೊಡಗಿದಳು.

ಆಮೇಲೆ ನಡೆದದ್ದನ್ನು ನಾವು ಯಾರೂ ಎಣಿಸಿರಲಿಲ್ಲ. ಇಂಡಿ ಊರಿನ ಮದುವೆಯೊಂದರಲ್ಲಿ ಮದುಮಗನನ್ನು ಗುಡಿಯಿಂದ ಹಂದರಕ್ಕೆ ಆ ತೆರೆದ ಗಾಡಿಯಲ್ಲಿ ಮೆರೆಸಿದರು. ಬಾಸಿಂಗ ಕಟ್ಟಿಕೊಂಡವನು ಎಲ್ಲರ ಕಣ್ಣಿಗೆ ಬೀಳಬೇಕಲ್ಲವೆ? ಜೀಪಿನೊಳಗೆ ಮುದುರಿ ಕುಳಿತರೆ ಯಾರಿಗೆ ಕಂಡಾನು? ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ನಾಲ್ಕೂ ತಾಲೂಕಿನಿಂದ ಕರೆ ಬರತೊಡಗಿತು. ಆ ಗಾಡಿ ಬಂದ ಮದುವೆ ಶುಭ ಎಂದು ಹೆಂಗಸರೇ ಹಬ್ಬಿಸಿದರು. ಚನ್ನವ್ವ ಅದಕ್ಕೆ ಸಂಜೆ ದೃಷ್ಟಿ ತೆಗೆಯುವಷ್ಟು ಬದಲಾದಳು. ಶ್ರೀಶೈಲಪ್ಪ ಮದುವೆಯ ಊಟ ಉಂಡು, ದಾರಿಯಲ್ಲಿ ಬೇರೆ ಅಪರೂಪದ ಕಾರುಗಳನ್ನು ನೋಡಿ, ಹಾಡು ಗುನುಗುತ್ತ ಮನೆಗೆ ಬರುತ್ತಿದ್ದ. ಅಷ್ಟು ಸುಖವಾಗಿದ್ದ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ಮುದ್ದೇಬಿಹಾಳದ ಒಂದು ಮದುವೆಗೆ ಹೋಗಿದ್ದೆವು. ಬಟ್ಟೆ ತರುವ ನೆಪದಿಂದ ನಾನೂ ಜೊತೆಗಿದ್ದೆ. ತಿರುಗಿ ಬರುವಾಗ ಇಳಿಹೊತ್ತು, ಗಾಡಿಯ ಮೇಲೆ ಚೆಂಡುಹೂವು, ಸೇವಂತಿಗೆ ಮಾಲೆ ಹಾಗೆಯೇ ಇದ್ದವು. ಮಸೂತಿ ಕ್ರಾಸಿನ ಹತ್ತಿರ ಒಬ್ಬ ರಸ್ತೆಯ ನಡುವೆ ಬಂದು ಕೈ ಅಡ್ಡ ಹಿಡಿದ. ಮಸೂತಿಯ ಕುರಿ ಕಾಯುವವ, ಹೆಸರು ಸೋಮನಿಂಗ. ಅವನ ಹೆಂಡತಿ ತಿಪ್ಪವ್ವನಿಗೆ ಹೊಲದಲ್ಲಿ ಹಾವು ಕಚ್ಚಿತ್ತು. ಅವನ ತಾಯಿ ಹುಚ್ಚವ್ವ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕುಳಿತಿದ್ದಳು. ಬಸ್ಸು ಬಂದಿರಲಿಲ್ಲ. ಹೋಗುವ ಲಾರಿಗಳು ನಿಂತಿರಲಿಲ್ಲ.

"ಯಪ್ಪಾ, ಬಿಜಾಪುರದ ದವಾಖಾನಿ ಮುಟ್ಟಸ್ರಿ, ನಿಮ್ಮ ಕಾಲ ಬೀಳ್ತೇನಿ" ಎಂದ.

ಶ್ರೀಶೈಲಪ್ಪ ಕೇಳುತ್ತ ನಿಲ್ಲಲಿಲ್ಲ, ಇಳಿದು ತಾನೇ ತಿಪ್ಪವ್ವನ ಕಾಲು ಹಿಡಿದು ಎತ್ತಿದ. ಹಿಂದಿನ ಸೀಟು ಚಿಕ್ಕದು, ಮಲಗಿಸಲು ಜಾಗವಿಲ್ಲ. ಗಂಡ ಮತ್ತು ಅತ್ತೆಯ ನಡುವೆ ಅವಳನ್ನು ಕೂರಿಸಿದೆವು. ಅರ್ಧ ದಾರಿಯಲ್ಲಿ ಹುಚ್ಚವ್ವ ಕೈಯನ್ನು ಅವಳ ಮೂಗಿನ ಬಳಿ ಹಿಡಿದು, "ಗಾಡಿ ತಿರುಗಸಪ್ಪಾ" ಎಂದಳು. ಸೋಮನಿಂಗ ಒಪ್ಪಲಿಲ್ಲ, ಎದೆ ಉಜ್ಜಿದ, ಹೆಸರು ಹಿಡಿದು ಕರೆದ. ಕೊನೆಗೆ ಅವನೇ ಹೆಂಡತಿಯ ಸೆರಗನ್ನು ತಲೆಯ ಮೇಲಿಂದ ಮುಖ ಮುಚ್ಚುವಂತೆ ಎಳೆದ. ನಾವು ಮಸೂತಿಯ ಕಡೆ ತಿರುಗಿದೆವು.

ಹೂವು ಕಿತ್ತು ಒಗೆಯಬೇಕಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಮಗ್ಗುಲಲ್ಲಿ ಹೆಣವಿಟ್ಟುಕೊಂಡವರಿಗೆ ಹೂವಿನ ನೆನಪು ಯಾರಿಗಿರುತ್ತದೆ? ಆ ಸಂಜೆ ಮಸೂತಿಯ ದೊಡ್ಡ ಒಕ್ಕಲುತನದ ಮನೆಯೊಂದಕ್ಕೆ ಹೊಸ ಸೊಸೆ ಬರುವುದಿತ್ತು. ಹಾದಿ ನೋಡುತ್ತ ಊರು ಅಗಸೆ ಬಾಗಿಲಲ್ಲೇ ನೆರೆದಿತ್ತು. ಹೂವಿನ ಗಾಡಿ ಕಂಡಿತು, ಒಳಗೆ ತಲೆಯ ಮೇಲೆ ಸೆರಗು ಹೊದ್ದು ಕೂತ ಹೆಣ್ಣು ಕಂಡಿತು. "ಮದಲಗಿತ್ತಿ ಬಂದ್ಲು!" ಎಂದು ಹುಡುಗರು ಕಿರುಚಿದರು, ಹಲಗೆಯವರು ಬಡಿಯತೊಡಗಿದರು. ಶ್ರೀಶೈಲಪ್ಪ ಕೈ ಬೀಸಿ ಬೇಡ ಬೇಡ ಎಂದು ಕೂಗಿದ್ದು ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಆ ಮನೆಯ ಯಜಮಾನಿ ಓಡಿ ಬಂದು ಆರತಿ ಬೆಳಗಿದಳು. ಕುಂಕುಮ ಹಚ್ಚಲು ಸೆರಗು ಸರಿಸಿ ಹಣೆ ಮುಟ್ಟಿದಳು. ಹಣೆ ತಣ್ಣಗಿತ್ತು.

ಆರತಿ ತಟ್ಟೆ ಬಿದ್ದ ಮೇಲೆ ಹಲಗೆ ನಿಂತಿತು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಹುಚ್ಚವ್ವ ಆಗ ಬಾಯಿ ಬಿಟ್ಟು ಅತ್ತಳು. ಯಜಮಾನಿ ಬೈದದ್ದು ಶ್ರೀಶೈಲಪ್ಪನನ್ನು.

"ನನ್ನ ಸೊಸಿ ಆರತಿ ಹೆಣಕ್ಕ ಬೆಳಗಿಸಿದೆಲ್ಲೋ! ನಿನ್ನ ಮನಿ ಹಾಳಾಗ!"

ಅವನು ತಲೆ ತಗ್ಗಿಸಿ ನಿಂತಿದ್ದ. ನಾಲ್ಕು ಮಾತು ತಿರುಗಿ ಆಡಲು ನಾನು ಹೋದರೆ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದ.

ಅಂಬಾಸಿಡರ್ ಆಗಿದ್ದರೆ ಆ ಸುದ್ದಿ ಒಂದು ವಾರದಲ್ಲಿ ಸಾಯುತ್ತಿತ್ತು. ಬಿಳಿ ಅಂಬಾಸಿಡರ್ ಊರಿಗೆ ಹತ್ತಿವೆ, ಯಾವುದು ಹೆಣ ಹೊತ್ತದ್ದು ಎಂದು ಯಾರು ಗುರುತಿಸಬೇಕು? ಇದು ನಾಲ್ಕು ತಾಲೂಕಿಗೊಂದೇ ಗಾಡಿ. ದೂರದಿಂದ ಅದರ ಬಾಲ ಕಂಡರೂ ಜನ ಹೆಸರು ಹಿಡಿದು ಕರೆಯುತ್ತಿದ್ದರು. ಈಗ ಅದೇ ಜನ "ಹೆಣದ ಗಾಡಿ" ಎಂದು ಬಾಗಿಲು ಹಾಕಿಕೊಂಡರು. ಬಣ್ಣ ಬದಲಿಸಿ ನೀಲಿ ಹೊಡೆಸಿದ. ನೀಲಿ ಹೆಣದ ಗಾಡಿ ಎಂದರು. ಮಸೂತಿಯ ಆ ಮನೆಯ ಸೊಸೆಗೆ ಬಸಿರು ನಿಲ್ಲದೆ ಹೋದಾಗ ಅದೂ ಇವನ ತಲೆಗೇ ಬಂತು. ಮದುವೆಯ ಕರೆ ಒಂದೂ ಬರಲಿಲ್ಲ. ಇಂಥ ಜನರ ಬಟ್ಟೆ ಹೊಲಿದು ಹೊಟ್ಟೆ ಹೊರೆಯುತ್ತೇನಲ್ಲ ಎಂದು ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಅಷ್ಟರಲ್ಲಿ ವಿದ್ಯಾವತಿ ಮದುವೆಯ ವಯಸ್ಸಿಗೆ ಬಂದಿದ್ದಳು. ಕನ್ಯೆ ನೋಡಲು ಬಂದವರು ಮನೆಯ ಮುಂದೆ ನಿಂತ ಗಾಡಿ ನೋಡಿ, ಚಹಾ ಕುಡಿದು, ತಿಳಿಸುತ್ತೇವೆಂದು ಎದ್ದು ಹೋದರು. ಮತ್ತೆ ಬಂದವರೂ ಹಾಗೆಯೇ. ಚನ್ನವ್ವ ಗಾಡಿಗೆ ದೃಷ್ಟಿ ತೆಗೆಯುವುದನ್ನು ಬಿಟ್ಟು ಶಾಪ ಹಾಕತೊಡಗಿದಳು. ಶ್ರೀಶೈಲಪ್ಪ ಮಾತ್ರ ತುಟಿ ಕಚ್ಚಿಕೊಂಡು ದಿನಾ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ ನೋಡುತ್ತಿದ್ದ. ಮಗಳು ಒಂದು ದಿನ ಅದರಲ್ಲಿ ಕೂತೇ ಕೂರುತ್ತಾಳೆ ಎಂಬುದು ಅವನ ಹಟವಾಗಿತ್ತು.

ಎರಡು ಸಾವಿರದ ಎರಡರಲ್ಲಿ ಸಿಂದಗಿಯ ಬಸಂತರಾಯರ ಮಗ ಸಿದ್ದಲಿಂಗನಿಗೆ ವಿದ್ಯಾವತಿ ಒಪ್ಪಿಗೆಯಾದಳು. ಆ ಮಾತುಕತೆ ಇಂಡಿಯಲ್ಲಿ ನೆಂಟರ ಮನೆಯಲ್ಲಿ ನಡೆದದ್ದರಿಂದ ಬೀಗರು ಝಳಕಿಗೆ ಬಂದೇ ಇರಲಿಲ್ಲ. ಮದುವೆ ಹತ್ತಿರ ಬಂದಾಗ ಶ್ರೀಶೈಲಪ್ಪ ಹೊಸ ಚಾವಣಿಗೆ ಬಟ್ಟೆ ತಂದು ನನ್ನ ಮಷೀನಿನ ಮೇಲಿಟ್ಟ. ಅವನ ಹಿಂದೆಯೇ ವಿದ್ಯಾವತಿ ಬಂದಳು. ಮುಖ ಅತ್ತು ಊದಿತ್ತು.

"ಅಪ್ಪಾ, ಆ ಗಾಡಿ ನನ್ನ ಮದುವಿಗಿ ಬ್ಯಾಡ. ಹಂದರದಾಗ ಅಷ್ಟಾ ಅಲ್ಲ, ಊರಾಗೂ ಇರೂದ ಬ್ಯಾಡ. ಬೀಗರು ನೋಡಿದ್ರ ತಿರುಗಿ ಹೋಗ್ತಾರ. ಇನ್ನೊಮ್ಮಿ ನನಗ ಆ ಗಾಡಿ ಮಾರಿ ನೋಡೂದು ಆಗೂದಿಲ್ಲ."

ಬೇರೆ ಯಾರು ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ. "ಆತವ್ವ" ಎಂದ. ಬಟ್ಟೆಯನ್ನು ನನ್ನಲ್ಲೇ ಬಿಟ್ಟು ಹೋದ.

ಸೊಲ್ಲಾಪುರದ ಗುಜರಿ ವ್ಯಾಪಾರಿ ಜೈನುದ್ದೀನ ಲಾರಿ ತಂದ. ಗಾಡಿ ನೋಡಿ ಅವನಿಗೂ ಮನಸ್ಸು ಬರಲಿಲ್ಲ.

"ಕಾಕಾ, ಇಡೀ ಗಾಡಿ ಒಯ್ತೇನಿ. ಪುಣೇದಾಗ ಇಂಥಾವ್ನ ಸಾಕೂ ಮಂದಿ ಅದಾರ, ಚೊಲೋ ಇಟ್ಕೋತಾರ."

"ಬ್ಯಾಡ. ಇಲ್ಲೇ ಕೊರಿ" ಎಂದ ಶ್ರೀಶೈಲಪ್ಪ. "ಓಡಿದ್ರ ಯಾರರ ಗುರುತು ಹಿಡೀತಾರ. ನನ್ನ ಮಗಳ ಹೆಸರಿಗೆ ಹತ್ತತೈತಿ."

ಗ್ಯಾಸ್ ಕಟರಿನಿಂದ ಮೊದಲು ಮುಂಭಾಗ ಕೊರೆದರು, ಆಮೇಲೆ ಬಾಗಿಲು. ಅವನು ಅಲ್ಲೇ ನಿಂತು ಯಾವ ನಟ್ಟು ಎಲ್ಲಿದೆ ಎಂದು ತೋರಿಸುತ್ತಿದ್ದ. ನಾನು ನೋಡಲಾರದೆ ಅಂಗಡಿಗೆ ಹೋಗಿ ಕುಳಿತೆ, ಹೊಲಿಗೆಯೆಲ್ಲ ಸೊಟ್ಟಗಾಯಿತು.

ಮದುವೆ ಚೆನ್ನಾಗಿಯೇ ಆಯಿತು. ಮದುಮಗ ಬಾಡಿಗೆಯ ಟ್ರ್ಯಾಕ್ಸ್ ಜೀಪಿನಲ್ಲಿ ಬಂದ. ಅಕ್ಕಿಕಾಳು ಬಿದ್ದ ಮೇಲೆ, ಊಟದ ಪಂಕ್ತಿಯಲ್ಲಿ ಬಸಂತರಾಯರು ಶ್ರೀಶೈಲಪ್ಪನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ನಾನು ಹುಗ್ಗಿಯ ಬೋಗುಣಿ ಹಿಡಿದು ಎದುರಿಗೇ ಇದ್ದೆ. ವಿದ್ಯಾವತಿ ಗಂಡನೊಡನೆ ಹಿರಿಯರ ಕಾಲಿಗೆ ಬೀಳುತ್ತ ಬಂದು ಅಲ್ಲೇ ನಿಂತಿದ್ದಳು.

"ಬೀಗ್ರ, ನಿಮ್ಮ ಗಾಡಿ ಕಾಣವಲ್ತಲ್ಲ? ನಮ್ಮ ಹುಡುಗ ಅದ್ರಾಗ ಕುಂದರ್ತೇನಿ ಅಂತ ಆಸೆ ಮಾಡ್ಕೊಂಡು ಬಂದಾನ."

ಶ್ರೀಶೈಲಪ್ಪ ಎಲೆಯಿಂದ ಕೈ ತೆಗೆದ. "ಅದು... ನಿಮಗ ಮಸೂತಿ ಸುದ್ದಿ..."

"ಎಲ್ಲಾ ಗೊತ್ತೈತ್ರಿ. ಇಂಡ್ಯಾಗ ಕನ್ಯಾದ ಮಾತು ಬಂದಾಗ ಮೊದಲ ಅದನ್ನ ಹೇಳಿದ್ರು. ಯಾರೋ ಏನೋ, ಗುರುತಿಲ್ಲದ ಮಂದೀನ ಮಗ್ಗಲಾಗ ಕುಂದರಿಸ್ಕೊಂಡು ಹೋದ ಮನಷ್ಯಾನ ಮನಿ ಹೆಣ್ಣು ನಮ್ಮ ಮನಿಗೆ ಬರ್ಲಿ ಅಂತನ ನಾ ಹೂಂ ಅಂದದ್ದು. ಎಲ್ಲೈತ್ರಿ ಗಾಡಿ?"

ನಾನು ಬೋಗುಣಿ ಕೆಳಗಿಟ್ಟೆ. ವಿದ್ಯಾವತಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವನು ಒಂದು ಸಲವೂ ಅವಳ ಕಡೆ ತಿರುಗಲಿಲ್ಲ.

"ರಿಪೇರಿಗೆ ಕೊಟ್ಟೇನ್ರಿ" ಎಂದ. "ಸೊಲ್ಲಾಪುರಕ್ಕ ಹೋಗೈತಿ."

"ಹಂಗಾದ್ರ ಪಂಚಮಿಗೆ ಮಗಳನ್ನ ಕರಿಯಾಕ ಬರೂ ಮುಂದ ಅದನ್ನ ತಗೊಂಡ ಬರ್ರಿ. ನಾನೂ ಒಂದ್ ಸುತ್ತ ಕುಂತು ನೋಡ್ತೇನಿ."

"ಆತ್ರಿ" ಎಂದ ಶ್ರೀಶೈಲಪ್ಪ.

ಮೊದಲ ವರ್ಷದ ಪಂಚಮಿಗೆ ತಂದೆಯೇ ಹೋಗಿ ಮಗಳನ್ನು ತವರಿಗೆ ಕರೆತರುವುದು ನಮ್ಮ ಕಡೆಯ ಪದ್ಧತಿ. ಶ್ರಾವಣ ಬಂದಾಗ ಚನ್ನವ್ವ ಉಂಡಿ ಕಟ್ಟಿ, ಧೋತರ ತೊಳೆದು ಇಟ್ಟಳು. ಅವನು ಮೈಯಲ್ಲಿ ಆರಾಮಿಲ್ಲ ಎಂದು ಮಗ ಅನಿಲನನ್ನು ಬಸ್ಸು ಹತ್ತಿಸಿದ. ಮುಂದಿನ ಪಂಚಮಿಗೂ ಅನಿಲನೇ ಹೋದ. ಬೀಗರಿಗೆ ಸಿಟ್ಟು ಬಂತು, ಗಾಡಿ ತರುತ್ತೇನೆಂದು ಒಪ್ಪಿದ ಮನುಷ್ಯ ಮೋರೆಯನ್ನೂ ತೋರಿಸಲೊಲ್ಲ ಎಂದು. ಬದುಕಿರುವವರೆಗೆ ಶ್ರೀಶೈಲಪ್ಪ ಮಗಳ ಮನೆಯ ಹೊಸ್ತಿಲು ತುಳಿಯಲಿಲ್ಲ.